ಜ್ವರದ ಸುದ್ದಿಯೂ ವಿಶ್ವಾಸಿಯ ಕಾವಲೂ

(ಧ್ಯಾನಕ್ಕಾಗಿ: ನೆಹೆಮೀಯ ೪ನೆಯ ಅಧ್ಯಾಯ, ೯ನೆಯ ವಚನ)



ಬಿದ್ದುಹೋಗಿದ್ದ ಯೆರೂಸಲೇಮಿನ ಗೋಡೆಯನ್ನು ನೆಹೆಮೀಯನು ತನ್ನ ಜನರೊಂದಿಗೆ ತಿರಿಗಿ ಕಟ್ಟುತ್ತಿರಲಾಗಿ, ಶತ್ರುಗಳು ಒಟ್ಟುಗೂಡಿ ಬರುತ್ತಾರೆಂಬ ಸುದ್ದಿಯು ಅವನ ಕಿವಿಗೆ ಬಿತ್ತು. ಆಗ ಅವನು ಎರಡು ಕಾರ್ಯಗಳನ್ನು ಮಾಡಿದನು. ದೇವರಿಗೆ ಮೊರೆಯಿಟ್ಟನು, ಹಗಲಿರುಳು ಕಾವಲನ್ನೂ ಇಟ್ಟನು. ಪ್ರಾರ್ಥನೆ ಮಾಡಿದೆವಲ್ಲಾ, ಇನ್ನು ಕಾವಲು ಯಾಕೆ ಎಂದು ಅವನು ಅನ್ನಲಿಲ್ಲ. ಕಾವಲಿಟ್ಟೆವಲ್ಲಾ, ಇನ್ನು ಪ್ರಾರ್ಥನೆ ಯಾಕೆ ಎಂದೂ ಅನ್ನಲಿಲ್ಲ. ಸುದ್ದಿಗೆ ಬೆದರಿ ಕಟ್ಟುವ ಕೆಲಸವನ್ನು ಬಿಟ್ಟು ಓಡಿಹೋಗಲೂ ಇಲ್ಲ.

ನಮಗೂ ಆಗಾಗ ಇಂಥ ಸುದ್ದಿ ಬರುವದು. ೨೦೦೯ರಲ್ಲಿ ಹಂದಿಜ್ವರವೆಂದರು, ೨೦೨೦ರಲ್ಲಿ ಕೊರೋನಾ ಎಂದರು, ೨೦೨೩ರಲ್ಲಿ ಎಚ್೩ಎನ್೨ ಎಂಬ ಜ್ವರವೆಂದರು, ೨೦೨೫ರ ಜನವರಿಯಲ್ಲಿ ಎಚ್‌ಎಂಪಿವಿ ಎಂದರು. ಹಿಂದೆ ಇಂಥ ಸುದ್ದಿಯು ಸುಗಟೂರಿಗೆ ತಲಪಬೇಕಾದರೆ ಕೋಲಾರದ ಸಂತೆಗೆ ಹೋದವರು ತಿರಿಗಿ ಬರಬೇಕಿತ್ತು. ಈಗ ಅಂಗೈಯೊಳಗಿನ ಫೋನಿನಲ್ಲಿ ಗಳಿಗೆಯೊಳಗೆ ಬರುವದು. ಬರುವಾಗ ಒಂದು ಎಂಬದು ಹತ್ತಾಗಿ ಬರುವದು. ಹೆದರಿದವರ ಮೇಲೆ ಹಾವೆಸೆಯುವವರಿಗೂ ಕೊರತೆಯಿಲ್ಲ. ಹೀಗಿರಲಾಗಿ ಆರಾಧನೆ ಮುಗಿದ ಮೇಲೆ ಸಭೆಯವರು ನನ್ನನ್ನು ಸುತ್ತುಗಟ್ಟಿ, "ಉಪದೇಶಿಗಳೇ, ಇದಕ್ಕೆ ನಾವು ಎಷ್ಟು ಭಯಪಡಬೇಕು?" ಎಂದು ಕೇಳುವದುಂಟು. ಆ ಪ್ರಶ್ನೆಗೆ ಈ ಪುಟದಲ್ಲಿ ಉತ್ತರ ಕೊಡಲು ಯತ್ನಿಸುತ್ತೇನೆ.

ಮೊದಲನೆಯದಾಗಿ, ಸುದ್ದಿಯನ್ನು ತೂಗಿ ನೋಡತಕ್ಕದ್ದು. ಹೊಸದೆಂದು ಹೇಳಲ್ಪಡುವ ಜ್ವರವೆಲ್ಲವೂ ಹೊಸದಲ್ಲ. ೨೦೨೩ರಲ್ಲಿ ನಾವು ಹೆಸರು ಕೇಳಿದ ಎಚ್೩ಎನ್೨ ಎಂಬದು ೧೯೬೮ರಿಂದಲೂ ಮನುಷ್ಯರೊಳಗೆ ತಿರುಗುತ್ತಿರುವ ಜ್ವರವು. ೨೦೨೫ರಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಕಾಣಿಸಿತೆಂದು ಊರೂರೇ ನಡುಗಿದ ಎಚ್‌ಎಂಪಿವಿಯನ್ನು ವೈದ್ಯಪಂಡಿತರು ೨೦೦೧ರಲ್ಲಿಯೇ ಗುರುತಿಸಿದ್ದರು. ಹೆಸರು ನಮಗೆ ಹೊಸದು, ರೋಗವು ಹಳೆಯದು.

ಆದರೆ ಎಲ್ಲವೂ ಬರೀ ಗಾಳಿಮಾತೆಂದು ತಳ್ಳಿಬಿಡಲೂ ಆಗದು. ೧೯೧೮ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಜ್ವರವು ರೈಲು ದಾರಿಗಳನ್ನು ಹಿಡಿದು ದೇಶವನ್ನೆಲ್ಲಾ ವ್ಯಾಪಿಸಿತು. ಆ ವರುಷದ ಕೊನೆಯ ತಿಂಗಳುಗಳಲ್ಲಿ ಅದು ಎರಡನೆಯ ಸಾರಿ ಎದ್ದು ಬಂದಾಗ ನಮ್ಮ ಮೈಸೂರು ಸೀಮೆಯನ್ನೂ ಬಿಡಲಿಲ್ಲ. ಮುದುಕರನ್ನಷ್ಟೇ ಅಲ್ಲ, ದುಡಿಯುವ ಪ್ರಾಯದ ಗಂಡಸರನ್ನೂ ಹೆಂಗಸರನ್ನೂ ಅದು ಒಯ್ದಿತು. ಇಂಡ್ಯಾ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ೧೯೨೧ರಲ್ಲಿ ಜನಗಣತಿಯನ್ನು ಮಾಡಿದಾಗ ದೇಶದ ಜನಸಂಖ್ಯೆಯು ೧೯೧೧ರಲ್ಲಿ ಇದ್ದದ್ದಕ್ಕಿಂತ ಕಡಿಮೆಯಾಗಿತ್ತು. ಅದೇ ವರುಷ ದೇಶದಲ್ಲಿ ಮಳೆಯೂ ತಪ್ಪಿ ಧಾನ್ಯದ ಬೆಲೆ ಏರಿದ್ದರಿಂದ, ಬಡವರ ದೇಹದಲ್ಲಿ ರೋಗವನ್ನು ತಾಳುವ ಬಲವೂ ಇರಲಿಲ್ಲ.

ಆ ಕಾಲಕ್ಕೂ ಈ ಕಾಲಕ್ಕೂ ಇರುವ ಭೇದವನ್ನೂ ಕೃತಜ್ಞತೆಯಿಂದ ನೆನಸೋಣ. ಮನುಷ್ಯನ ಇನ್‌ಫ್ಲುಯೆಂಜಾಕ್ಕೆ ಕಾರಣವಾದ ವಿಷಾಣುವು ಕಂಡುಹಿಡಿಯಲ್ಪಟ್ಟದ್ದೇ ೧೯೩೩ರಲ್ಲಿ. ೧೯೧೮ರಲ್ಲಿ ಅನೇಕರು ಸತ್ತದ್ದು ಜ್ವರದ ಬೆನ್ನಿಗೇ ಬಂದ ನ್ಯುಮೋನಿಯಾದಿಂದ. ಅದಕ್ಕೆ ಆಗ ಔಷಧವಿರಲಿಲ್ಲ, ಈಗ ಉಂಟು. ಆದಕಾರಣ ಪ್ರತಿ ಜ್ವರದ ಸುದ್ದಿಗೂ ೧೯೧೮ ಬಂತೆಂದು ಎದೆಗೆಡಬಾರದು. ೧೯೧೮ ಬರಲೇ ಇಲ್ಲವೆಂಬಂತೆ ಮೈಮರೆಯಲೂ ಬಾರದು.

ಎರಡನೆಯದಾಗಿ, ಕಾವಲು ಯಾರಿಗಾಗಿ ಎಂಬದನ್ನು ತಿಳಿಯತಕ್ಕದ್ದು. ಫ್ಲೂ ಜ್ವರವು ಬಂದವರಲ್ಲಿ ಬಹುಮಂದಿ ಒಂದು ವಾರದೊಳಗೆ ತಾವೇ ಗುಣವಾಗುವರು, ಕೆಮ್ಮು ಮಾತ್ರ ಇನ್ನೂ ಕೆಲವು ದಿನ ಉಳಿಯುವದು. ಆದರೆ ೬೫ ವರುಷ ದಾಟಿದವರು, ೫ ವರುಷದೊಳಗಿನ ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಹೃದಯದ ರೋಗ, ಉಬ್ಬಸ ಇವುಗಳಿರುವವರು, ಇವರಿಗೆ ಅದೇ ಜ್ವರವು ಪ್ರಾಣಕ್ಕೆ ಬರಬಹುದು. ಲೋಕದಲ್ಲೆಲ್ಲಾ ಪ್ರತಿ ವರುಷ ಸುಮಾರು ನೂರು ಕೋಟಿ ಜನರಿಗೆ ಫ್ಲೂ ತಗಲುವದು. ೨ ಲಕ್ಷ ೯೦ ಸಾವಿರದಿಂದ ೬ ಲಕ್ಷ ೫೦ ಸಾವಿರದ ವರೆಗೂ ಜನರು ಅದರಿಂದ ಸಾಯುವರೆಂದು ಲೋಕ ಆರೋಗ್ಯ ಸಂಸ್ಥೆಯವರು ಎಣಿಸಿದ್ದಾರೆ. ಬಲವುಳ್ಳವನು ತನ್ನ ವಿಷಯದಲ್ಲಿ ಹೆಚ್ಚು ಭಯಪಡಬೇಕಾದದ್ದಿಲ್ಲ. ಆದರೆ ಅವನು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯು "ನನಗೆ ಏನಾದೀತು?" ಎಂಬದಲ್ಲ, "ನನ್ನಿಂದ ಯಾರಿಗೆ ಏನಾದೀತು?" ಎಂಬದೇ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ೨೦೨೩ರ ಮಾರ್ಚ್ ತಿಂಗಳಲ್ಲಿ ಈ ಜ್ವರವು ನಮ್ಮ ರಾಜ್ಯದಲ್ಲಿ ಹರಡಿತ್ತು. ಹಾಸನ ಜಿಲ್ಲೆಯ ವೃದ್ಧರೊಬ್ಬರು ಅದರಿಂದ ತೀರಿಹೋದ ವರ್ತಮಾನವೂ ಬಂದಿತ್ತು. ಆಗ ಶ್ರಮೆಯ ಕಾಲದ ಮನೆಪ್ರಾರ್ಥನೆಗಳು ನಡೆಯುತ್ತಿದ್ದವು. ನನಗೆ ಎರಡು ದಿನದಿಂದ ಜ್ವರ, ಕೆಮ್ಮು. ನನ್ನ ಹೆಂಡತಿಯು ಹೋಗಬೇಡಿರೆಂದಳು. "ದೇವರ ಕೆಲಸಕ್ಕೆ ಹೋಗುವವನನ್ನು ದೇವರು ಕಾಯುವನು," ಎಂದು ಹೇಳಿ ನಾನು ಹೊರಟೆನು. ಆ ಚಿಕ್ಕ ಮನೆಯಲ್ಲಿ ಕಿಟಕಿ ಇರಲಿಲ್ಲ. ಮನೆಯ ಹಿರಿಯರು, ಎದೆರೋಗವಿದ್ದವರು, ನನ್ನ ಪಕ್ಕದಲ್ಲಿಯೇ ಚಾಪೆಯ ಮೇಲೆ ಕೂತು ಹಾಡಿದರು. ಮೂರನೆಯ ದಿನ ಅವರಿಗೆ ಜ್ವರ ಬಂತು. ಹತ್ತನೆಯ ದಿನ ಅವರನ್ನು ಮಣ್ಣುಮಾಡಿದೆವು. ಅದು ನನ್ನಿಂದಲೇ ಬಂತೆಂದು ಯಾರೂ ಹೇಳಲಿಲ್ಲ. ಅಲ್ಲವೆಂದು ಹೇಳಲು ನನ್ನಿಂದ ಇಂದಿಗೂ ಆಗದು. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುವರು ಎಂದು ಸೈತಾನನು ಯೇಸುವಿಗೆ ಹೇಳಿದಾಗ ಆತನು ಒಪ್ಪಲಿಲ್ಲ. ನಾನಾದರೋ ಧುಮುಕಿದೆನು, ಪೆಟ್ಟು ಬಿದ್ದದ್ದು ಮತ್ತೊಬ್ಬರಿಗೆ.

ಮೂರನೆಯದಾಗಿ, ಕಾವಲು ಹೇಗಿರಬೇಕು? ನಮ್ಮ ಸೀಮೆಯಲ್ಲಿ ರೇಷ್ಮೆಹುಳು ಸಾಕುವವರಿಗೆ ಇದನ್ನು ಕಲಿಸಬೇಕಾದದ್ದಿಲ್ಲ. ಹುಳುವಿನ ಮನೆಗೆ ಹೋಗುವ ಮೊದಲು ನೀವು ಕೈಕಾಲು ತೊಳೆಯುತ್ತೀರಿ; ಕಂಡಕಂಡವರನ್ನು ಒಳಗೆ ಬಿಡುವದಿಲ್ಲ; ರೋಗದ ಹುಳುವನ್ನು ಬೇರೆ ತೆಗೆಯುತ್ತೀರಿ; ಗಾಳಿಯಾಡಲು ಕಿಟಕಿ ತೆರೆಯುತ್ತೀರಿ. ಇದನ್ನು ಯಾರೂ ಅವಿಶ್ವಾಸವೆನ್ನುವದಿಲ್ಲ. ಹುಳುವಿಗೆ ಮಾಡುವಷ್ಟು ಕಾವಲನ್ನು ನಿಮ್ಮ ತಾಯಿಗೂ ಕೂಸಿಗೂ ಮಾಡಬೇಡವೇ?

ಜ್ವರ ಕೆಮ್ಮು ಬಂದವನು ಐದಾರು ದಿನ ಮನೆಯಲ್ಲಿರಲಿ; ಟೊಮೇಟೊ ಬಿಡಿಸುವ ಕೂಲಿಗೆಂದು ಒಂದೇ ಗಾಡಿಯಲ್ಲಿ ಒತ್ತಿಕೊಂಡು ಹೋಗದಿರಲಿ. ಒಂದು ದಿನದ ಕೂಲಿ ತಪ್ಪಿದರೆ ಒಲೆ ಉರಿಯದ ಮನೆಗಳು ನಮ್ಮಲ್ಲಿ ಉಂಟೆಂದು ಬಲ್ಲೆನು. ಅಂಥವರ ಮನೆಗೆ ಎರಡು ಸೇರು ರಾಗಿಯನ್ನು ಸಭೆಯೇ ಮುಟ್ಟಿಸಲಿ. ಕೆಮ್ಮುವಾಗ ಬಟ್ಟೆಯಿಂದ ಬಾಯಿ ಮುಚ್ಚತಕ್ಕದ್ದು, ಕೈಯನ್ನು ಸಾಬೂನಿನಿಂದ ತೊಳೆಯತಕ್ಕದ್ದು. ರೋಗಿಗೆ ವಿಶ್ರಾಂತಿಯೂ ಗಂಜಿನೀರೂ ಬೇಕು. ಅಂಗಡಿಯಿಂದ ತಾವೇ ಕೊಂಡು ನುಂಗುವ ಆಂಟಿಬಯೋಟಿಕ್ ಮಾತ್ರೆಗಳು ವಿಷಾಣುವಿನ ಜ್ವರಕ್ಕೆ ನಾಟುವದಿಲ್ಲ. ಉಸಿರು ಕಟ್ಟುವದು, ಎದೆನೋವು, ತುಟಿ ನೀಲಿಯಾಗುವದು, ಬುದ್ಧಿ ತಪ್ಪಿ ಮಾತಾಡುವದು, ಮಗು ಹಾಲು ನೀರು ಬಿಡುವದು, ಇಳಿದ ಜ್ವರ ತಿರಿಗಿ ಏರುವದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಕೋಲಾರದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಬಲಹೀನರಿಗೆ ಜ್ವರ ಬಂದರೆ ಈ ಗುರುತುಗಳಿಗೂ ಕಾಯಬೇಡಿರಿ, ಮೊದಲನೆಯ ದಿನವೇ ವೈದ್ಯರಿಗೆ ತೋರಿಸಿರಿ; ಫ್ಲೂವಿಗಿರುವ ಔಷಧವು ಮೊದಲ ಎರಡು ದಿನದೊಳಗೆ ಕೊಟ್ಟರೆ ಹೆಚ್ಚು ಫಲಿಸುವದು. ವರುಷಕ್ಕೊಮ್ಮೆ ಹಾಕಿಸುವ ಚುಚ್ಚುಮದ್ದನ್ನು ಕುರಿತೂ ಅವರನ್ನೇ ಕೇಳಿರಿ. ಹಿಜ್ಕೀಯ ಅರಸನು ಪ್ರಾರ್ಥಿಸಿದಾಗ ದೇವರು ಕೇಳಿದನು. ಆದರೂ ಪ್ರವಾದಿಯಾದ ಯೆಶಾಯನು ಹುಣ್ಣಿಗೆ ಅಂಜೂರದ ಉಂಡೆಯನ್ನು ಕಟ್ಟಿಸಿದನಷ್ಟೆ.

ಕಡೆಯದಾಗಿ ಒಂದು ಮಾತು. ಕಾವಲು ಎಂಬದು ರೋಗಿಯನ್ನು ತೊರೆಯುವದಲ್ಲ. ೨೦೨೦ರಲ್ಲಿ ಜ್ವರ ಬಂದವರ ಬಾಗಿಲ ಮುಂದೆ ನೆರೆಯವರು ಮುಖ ತಿರುಗಿಸಿ ಹೋದದ್ದನ್ನು ನಾವು ಕಂಡೆವು. ನಮ್ಮಲ್ಲಿಯೂ ಕೆಲವರು ಹಾಗೆ ಹೋದರು. ಜನರು ದೂರವಿಟ್ಟ ಕುಷ್ಠರೋಗಿಯನ್ನು ನಮ್ಮ ಕರ್ತನು ಕೈಚಾಚಿ ಮುಟ್ಟಿದನು. ಒಳಗೆ ಹೋಗಲು ಆಗದಿದ್ದರೆ ಗಂಜಿಯ ಪಾತ್ರೆಯನ್ನು ಬಾಗಿಲಲ್ಲಿಟ್ಟು, ಹೆಸರು ಹಿಡಿದು ಕರೆದು, ಹೊರಗೆ ನಿಂತೇ ಪ್ರಾರ್ಥಿಸಿರಿ. ಆರೈಕೆ ಮಾಡುವವರು ಮೂಗು ಬಾಯಿ ಮುಚ್ಚಿಕೊಂಡು ಮಾಡಿರಿ.

ನಾಳೆಯ ಭಾರವನ್ನು ಇಂದೇ ಹೊರಬಾರದೆಂದು ಯೇಸು ಸ್ವಾಮಿಯು ಕಲಿಸಿದನು. ಇಂದಿನ ಕೆಲಸವನ್ನು ಬಿಡಬೇಕೆಂದು ಕಲಿಸಲಿಲ್ಲ. ಮನೆಯಲ್ಲಿರುವ ಬಲಹೀನರನ್ನು ಕಾಯುವಷ್ಟು ಎಚ್ಚರವಿರಲಿ. ರಾತ್ರಿ ನಿದ್ರೆಗೆಡಿಸುವಷ್ಟು ಭಯ ಬೇಡ. ಕಾವಲಿಟ್ಟ ಮೇಲೆ ಮಿಕ್ಕದ್ದನ್ನು ದೇವರ ಕೈಗೆ ಒಪ್ಪಿಸಿ ಮಲಗಿರಿ, ಆತನು ತೂಕಡಿಸುವವನಲ್ಲ. ಆಮೆನ್.