ಒಪ್ಪದ ದೇಶದ ಋಣ

ತನ್ನನ್ನು ಪ್ರಜೆಯೆಂದು ಒಪ್ಪದ ದೇಶಕ್ಕೆ ಮನುಷ್ಯನು ಸಲ್ಲಿಸತಕ್ಕ ಕರ್ತವ್ಯವೇನಾದರೂ ಉಂಟೋ? ಏನೂ ಇಲ್ಲವೆಂದು ಅನೇಕರು ಹೇಳುವರು. ಹಕ್ಕು ಕೊಡದವನಿಗೆ ಸೇವೆ ಕೇಳುವ ಅಧಿಕಾರವೆಲ್ಲಿಯದು ಎಂಬದು ಅವರ ವಾದ. ಈ ವಾದವು ಬಲವಾದದ್ದೇ ಸರಿ. ಆದರೂ ಒಬ್ಬ ಬೇಸಾಯಗಾರರ ಜೀವಿತವನ್ನು ವಿಚಾರಿಸುವಾಗ ಅದು ಪೂರ್ಣವೋ ಎಂಬ ಸಂದೇಹವು ನಮಗೆ ಹುಟ್ಟುತ್ತದೆ.

ದಲೀಪ ಸಿಂಗ್ ಸೌಂದರು 1899ರಲ್ಲಿ ಪಂಜಾಬಿನ ಒಂದು ಹಳ್ಳಿಯಲ್ಲಿ ಸಿಖ್ ಮನೆತನದಲ್ಲಿ ಹುಟ್ಟಿದರು. 1920ರಲ್ಲಿ ಅಮೇರಿಕಕ್ಕೆ ಹೋಗಿ, ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಗಣಿತಶಾಸ್ತ್ರವನ್ನು ಕಲಿತು, 1924ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಆಮೇಲೆ ಕ್ಯಾಲಿಫೋರ್ನಿಯದ ಇಂಪೀರಿಯಲ್ ಕಣಿವೆಗೆ ಹೋದರು. ಕಾಲುವೆಯ ನೀರಿಲ್ಲದಿದ್ದರೆ ಬೆಳೆಯೇ ಇಲ್ಲದ ಸೀಮೆ ಅದು. ಗಣಿತದ ಪಂಡಿತರು ಅಲ್ಲಿ ಹತ್ತಿ ಬಿಡಿಸುವ ಆಳುಗಳಿಗೆ ಮೇಸ್ತ್ರಿಯಾಗಿ, ತರುವಾಯ ತಾವೇ ಬೇಸಾಯಕ್ಕಿಳಿದರು.

ಆದರೆ ಆ ದೇಶದ ಕಾನೂನು ಹೇಗಿತ್ತೆಂದರೆ, ಹಿಂದೂದೇಶದವರು ಬಿಳಿಯರಲ್ಲವಾದದರಿಂದ ಪ್ರಜೆಗಳಾಗಕೂಡದೆಂದು 1923ರಲ್ಲಿ ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ತೀರ್ಪುಕೊಟ್ಟಿತ್ತು. ಆ ವ್ಯಾಜ್ಯವನ್ನು ಸೋತ ಭಗತ ಸಿಂಗ್ ಥಿಂದರು ಅಮೇರಿಕದ ಸೈನ್ಯದಲ್ಲಿಯೇ ಸೇವೆಮಾಡಿದವರೆಂಬದನ್ನು ವಾಚಕರು ಗಮನಿಸಲಿ. ಪ್ರಜೆಯಾಗಕೂಡದವನು ಹೊಲ ಕೊಳ್ಳಕೂಡದೆಂದು ಕ್ಯಾಲಿಫೋರ್ನಿಯವು 1913ರಲ್ಲಿ ವಿಧಿಸಿತ್ತು. 1920ರಲ್ಲಿ ಗುತ್ತಿಗೆಗೂ ತಡೆಹಾಕಿತು. ಹೀಗಿರಲಾಗಿ ಅನೇಕ ಪಂಜಾಬಿಗಳು ಬಿಳಿಯ ಪರಿಚಿತರ ಹೆಸರಿನಲ್ಲಿ ಹೊಲಗಳನ್ನು ಹಿಡಿದರು. ಬೆವರು ಒಬ್ಬನದು, ಕಾಗದಪತ್ರ ಇನ್ನೊಬ್ಬನದು! ಕೊಯ್ಲಿನ ದಿನ ಆ ಇನ್ನೊಬ್ಬನು ಮಾತಿಗೆ ತಪ್ಪಿದರೆ ಯಾರಿಗೆ ದೂರುವದು? ನೆಲ ಉಳುವವರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ.

ಇಂಥ ಸ್ಥಿತಿಯಲ್ಲಿಯೂ ಸೌಂದರು ಊರಿನ ವಿಷಯಗಳಲ್ಲಿ ಸೇರುತ್ತಾ ಬಂದರು. 1932ರಷ್ಟು ಹಿಂದೆಯೇ, ಓಟಿನ ಹಕ್ಕಿಲ್ಲದಾಗಲೇ, ರೂಸ್‌ವೆಲ್ಟರ ಡೆಮೊಕ್ರಾಟಿಕ್ ಪಕ್ಷವು ತಮ್ಮದೆಂದು ನಿಶ್ಚಯಿಸಿಕೊಂಡರು. ಪೌರತ್ವದ ಹಕ್ಕಿಗಾಗಿ ತಮ್ಮ ದೇಶದವರನ್ನು ಕೂಡಿಸಿದರು. 1946ರಲ್ಲಿ ಕಾನೂನು ಸಡಿಲವಾಯಿತು. 1949ರಲ್ಲಿ ಅವರು ಪ್ರಜೆಯಾದರು. 1950ರಲ್ಲಿ ನೆರೆಯವರು ಅವರನ್ನು ವೆಸ್ಟ್‌ಮೋರ್ಲೆಂಡ್ ಊರಿನ ನ್ಯಾಯಾಧಿಪತಿಯನ್ನಾಗಿ ಆರಿಸಲು, ಪ್ರಜೆಯಾಗಿ ವರುಷ ತುಂಬಲಿಲ್ಲವೆಂದು ಆ ಪೀಠವನ್ನು ಅವರಿಗೆ ಕೊಡಲಿಲ್ಲ. 1952ರಲ್ಲಿ ತಿರಿಗಿ ನಿಂತು ಗೆದ್ದರು. 1956ರಲ್ಲಿ ಅಮೇರಿಕದ ಪ್ರತಿನಿಧಿಸಭೆಗೆ ಆರಿಸಲ್ಪಟ್ಟರು. ಏಷ್ಯದಲ್ಲಿ ಹುಟ್ಟಿ ಆ ಸಭೆಯಲ್ಲಿ ಓಟುಳ್ಳ ಸದಸ್ಯರಾದವರಲ್ಲಿ ಅವರೇ ಮೊದಲಿಗರು.

ಇಲ್ಲಿ ನಮ್ಮ ಪ್ರಶ್ನೆಗೆ ಬರೋಣ. ಆ ದೇಶದ ಕಾನೂನಿಗೆ ಅವರು ಯಾವ ಋಣವುಳ್ಳವರೂ ಆಗಿರಲಿಲ್ಲವೆಂದು ನಾವು ಧೈರ್ಯವಾಗಿ ಹೇಳುವೆವು. ಆದರೆ ಕಾನೂನು ಬೇರೆ, ನೆರೆಯವನು ಬೇರೆ. ಒಂದೇ ಕಾಲುವೆಯ ನೀರನ್ನು ಹಂಚಿಕೊಳ್ಳುವವನಿಗೆ ಸಲ್ಲತಕ್ಕದ್ದು ಪೌರತ್ವದ ಕಾಗದ ಬರುವ ವರೆಗೆ ಕಾಯುವದಿಲ್ಲ. ಅವರು ಸಲ್ಲಿಸಿದ್ದು ಆ ನೆರೆಯವರಿಗೆ. ಓಟು ಹಾಕಿದವರೂ ಅವರೇ.

ಆದರೂ ಅವರ ತಾಳ್ಮೆಯನ್ನು ಬಾಗಿಲು ಮುಚ್ಚಿದವರೇ ಕೊಂಡಾಡುವದಾದರೆ ನಾವು ಒಪ್ಪಲಾರೆವು. ಬಾಗಿಲು ತೆರೆಯುವ ಮೊದಲೇ ತೀರಿಕೊಂಡವರ ತಾಳ್ಮೆಗೆ ಏನು ಫಲ ಸಿಕ್ಕಿತು? 1946ರ ಕಾನೂನು ಸಹ ಭಾರತದಿಂದ ವರುಷಕ್ಕೆ 100 ಮಂದಿ ಮಾತ್ರ ಬರಬಹುದೆಂದು ಎಣಿಕೆ ಕಟ್ಟಿತು. ಸೌಂದರು 1957ರಿಂದ 1963ರ ವರೆಗೆ ಸಭೆಯಲ್ಲಿ ಕೂತಿದ್ದಾಗಲೂ ಆ ಎಣಿಕೆ ಬದಲಾಗಲಿಲ್ಲ. ಅದನ್ನು ತೆಗೆದುಹಾಕಿದ ಕಾನೂನು ಬಂದದ್ದು 1965ರಲ್ಲಿ.