ಆರೋಗ್ಯ ಯಾರ ಸೊತ್ತು?

"ಆರೋಗ್ಯವೇ ಭಾಗ್ಯ" ಎಂಬ ವಾಕ್ಯವನ್ನು ಊರಿನ ಶಾಲೆಯ ಗೋಡೆಯ ಮೇಲೆ ಓದುತ್ತ ಬೆಳೆದವರು ನಾವು. ಭಾಗ್ಯವೆಂದ ಮೇಲೆ ಅದಕ್ಕೊಬ್ಬ ಒಡೆಯ ಇರಲೇಬೇಕು. ಹೊಲಕ್ಕೆ ಪಹಣಿಯಲ್ಲಿ ಹೆಸರಿದ್ದಂತೆ, ಒಡವೆಯ ಪೆಟ್ಟಿಗೆಗೆ ಬೀಗದ ಕೈ ಇದ್ದಂತೆ, ನಮ್ಮ ಆರೋಗ್ಯ ನಮ್ಮದು ಎಂದೇ ನಂಬಿಕೊಂಡು ಬಂದಿದ್ದೇವೆ. ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ಈ ನಂಬಿಕೆಯನ್ನು ಅಲುಗಾಡಿಸಿತು. ಅದನ್ನು ವಾಚಕರ ಮುಂದಿಡುತ್ತಿದ್ದೇವೆ.

ಪಾತ್ರೆ ತೊಳೆಯಲು ಬರುವ ಮಾಶಿಯ ಮಗನಿಗೆ ಟೈಫಾಯಿಡ್ ಬಂತು. "ಹದಿನೈದು ದಿನ ಬರಬೇಡ" ಎಂದು ಹೇಳಿ ಕಳಿಸಿದೆವು. ಮನೆಯಲ್ಲಿ ಪುಟ್ಟ ಮೊಮ್ಮಗಳಿದ್ದಾಳೆ, ಎಚ್ಚರಿಕೆ ತಪ್ಪಲ್ಲ. ಆದರೆ ಹುಡುಗ ಹೇಗಿದ್ದಾನೆ ಎಂದು ಕೇಳಬೇಕೆಂದು ನಮಗೆ ಹೊಳೆದದ್ದು ಆಕೆ ಮೆಟ್ಟಿಲಿಳಿದು ಹೋದ ಮೇಲೆ!

ಆ ಭಾನುವಾರ ಸಂಘದಲ್ಲಿ ಕಾಫಿ ಕುಡಿಯುತ್ತ ಈ ವಿಷಯ ಎತ್ತಿದಾಗ ಹಿರಿಯರೊಬ್ಬರು, "ಅವರಿಗೆಲ್ಲ ರೋಗನಿರೋಧಕ ಶಕ್ತಿ ಕಡಿಮೆ ಸ್ವಾಮಿ. ನಮ್ಮ ಮಕ್ಕಳಿಗೆ ಲಸಿಕೆ ಹಾಕಿಸಿದೆಯಲ್ಲ, ಚಿಂತೆ ಬಿಡಿ" ಎಂದರು. ಪಕ್ಕದಲ್ಲಿದ್ದ ತರುಣ ತಂದೆಯೊಬ್ಬರು, "ಎಲ್ಲರೂ ಅವರವರ ಮಕ್ಕಳಿಗೆ ಹಾಕಿಸಿದ ಮೇಲೆ ನಮ್ಮ ಕೂಸಿಗೆ ಏಕೆ ಸಾರ್ ಸೂಜಿಯ ನೋವು?" ಎಂದು ನಕ್ಕರು. ಮನೆಗೆ ಬರುತ್ತ ಟ್ರಾಮಿನಲ್ಲಿ ಕುಳಿತು ಯೋಚಿಸಿದೆವು. ಹಿರಿಯರ ಪ್ರಕಾರ ರಕ್ಷಣೆ ಅವರವರ ಮೈಯೊಳಗಿನ ಸ್ವಂತ ಆಸ್ತಿ. ತರುಣರ ಪ್ರಕಾರ ಅದು ಪಕ್ಕದವರ ಮೈಯಿಂದಲೂ ನಮಗೆ ಬರುತ್ತದೆ. ಎರಡೂ ಒಟ್ಟಿಗೆ ಹೇಗೆ ನಿಜವಾದೀತು?

ಈ ಶಕ್ತಿ ನಮಗೆ ಬಂದದ್ದಾದರೂ ಎಲ್ಲಿಂದ? ಕೂಸು ಹುಟ್ಟುವಾಗ ಅದರ ರಕ್ತದಲ್ಲಿರುವ ರಕ್ಷಕ ಪ್ರತಿಕಾಯಗಳು ಬಹುಮಟ್ಟಿಗೆ ತಾಯಿಯವು; ಗರ್ಭದಲ್ಲಿದ್ದಾಗಲೇ ಮಾಸಿನ ಮೂಲಕ ಹರಿದು ಬಂದವು. ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲಿನಲ್ಲಿ ಇನ್ನಷ್ಟು ಬರುತ್ತವೆ. (ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸುತ್ತಿದ್ದ ಅಜ್ಜಿಯರು ನಮ್ಮ ಮನೆತನಗಳಲ್ಲೂ ಇದ್ದರು, ಆ ಕಥೆ ಇಲ್ಲಿ ಬೇಡ.) ದಡಾರದ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಮೇಲೆಯೇ ಹಾಕುವುದೇಕೆ ಎಂದು ನಾವು ಡಾಕ್ಟರರನ್ನು ಕೇಳಿದ್ದುಂಟು. ತಾಯಿ ಕೊಟ್ಟ ಪ್ರತಿಕಾಯಗಳು ಇನ್ನೂ ಉಳಿದಿದ್ದರೆ ಅವು ಲಸಿಕೆಯನ್ನೇ ಅಡಗಿಸಿಬಿಡುತ್ತವೆ. ಆದರೆ ತಾಯಿಯ ಕೊಡುಗೆ ಕರಗುತ್ತ ಬಂದು, ಲಸಿಕೆಯ ದಿನ ಇನ್ನೂ ಬಾರದಿರುವ ಕೆಲವು ವಾರಗಳು ನಡುವೆ ಇರುತ್ತವೆ. ಆಗ ಆ ಕೂಸನ್ನು ಕಾಯುವವರು ಅದರ ಸುತ್ತ ಇರುವ, ದಡಾರ ಬಾರದ ಜನ ಮಾತ್ರ.

ದೊಡ್ಡವರಾದ ಮೇಲೆ ಮೈ ತಾನೇ ಕಲಿಯುತ್ತದೆ ನಿಜ. ಒಮ್ಮೆ ಹೊಕ್ಕ ರೋಗಾಣುವಿನ ಗುರುತನ್ನು ಕೆಲವು ಬಿಳಿಯ ರಕ್ತಕಣಗಳು ವರ್ಷಗಟ್ಟಲೆ ಮರೆಯುವುದಿಲ್ಲ. ಲಸಿಕೆಯೆಂದರೆ ರೋಗವಿಲ್ಲದೆ ಆ ಗುರುತನ್ನಷ್ಟೇ ಕಲಿಸುವ ಉಪಾಯ. ಈ ಪಾಠವನ್ನು ಮೊದಲು ಯಾರೋ ತಮ್ಮ ಮೈಮೇಲೆ ಪ್ರಯೋಗ ಮಾಡಿಸಿಕೊಂಡಿರಬೇಕಷ್ಟೆ. ಅಂಥವರು ನಮ್ಮ ಈ ಊರಿನಲ್ಲೇ ಇದ್ದರು. (2001ರಲ್ಲಿ ಹೆಸರು ಕೊಲ್ಕತ್ತ ಎಂದಾದರೂ ನಮ್ಮ ಬಾಯಿಗೆ ಇನ್ನೂ ಕಲ್ಕತ್ತೆಯೇ.) ವಾಂತಿಭೇದಿಯ ಲಸಿಕೆಯನ್ನು 1892ರಲ್ಲಿ ಪ್ಯಾರಿಸ್ಸಿನಲ್ಲಿ ತಮಗೇ ಚುಚ್ಚಿಕೊಂಡು ನೋಡಿದ ವಾಲ್ಡೆಮರ್ ಹಾಫ್ಕಿನ್ ಎಂಬ ವಿಜ್ಞಾನಿ 1894ರಲ್ಲಿ ಇಲ್ಲಿಯ ಕಾಟ್ಟಾಲ್ ಬಾಗಾನ್ ಎಂಬ ಕೊಳೆಗೇರಿಗೆ ಬಂದರು. ಅಲ್ಲಿದ್ದ ಸುಮಾರು 200 ಜನರಲ್ಲಿ 116 ಜನ ಲಸಿಕೆ ಹಾಕಿಸಿಕೊಂಡರು. ಆಮೇಲೆ ಅಲ್ಲಿ ರೋಗ ತಗುಲಿದ 10 ಮಂದಿ, ಅವರಲ್ಲಿ ಸತ್ತ 7 ಮಂದಿ, ಎಲ್ಲರೂ ಹಾಕಿಸಿಕೊಳ್ಳದವರು. ನಾಲ್ಕು ವರ್ಷಗಳ ನಂತರ, 1898ರಲ್ಲಿ, ಪ್ಲೇಗು ಹುಬ್ಬಳ್ಳಿಗೆ ನುಗ್ಗಿದಾಗ ಅದೇ ಹಾಫ್ಕಿನ್ನರ ಪ್ಲೇಗಿನ ಲಸಿಕೆಯನ್ನು ಅಲ್ಲಿಯ ಸಾವಿರಾರು ಜನ ಹಾಕಿಸಿಕೊಂಡರು. ಕಲ್ಕತ್ತೆಯ ಆ ಬಡವರು ಮೊದಲು ತೋಳು ಚಾಚದಿದ್ದರೆ ಹುಬ್ಬಳ್ಳಿಯವರು ಆ ಸೂಜಿಯನ್ನು ನಂಬುತ್ತಿದ್ದರೋ ಇಲ್ಲವೋ.

ಇನ್ನು ತರುಣರ ಲೆಕ್ಕಕ್ಕೆ ಬರೋಣ. 2004ರಲ್ಲಿ, ಬೇಲೆಘಾಟದ ಕಾಲರಾ ಸಂಶೋಧನಾ ಸಂಸ್ಥೆಯ ವೈದ್ಯೆ ದೀಪಿಕಾ ಸುರ್ ಮತ್ತು ಅವರ ಜೊತೆಯವರು ಈ ನಗರದ ಕೊಳೆಗೇರಿಗಳನ್ನು 80 ತುಂಡುಗಳಾಗಿ ವಿಂಗಡಿಸಿದರು. ಅರ್ಧ ತುಂಡುಗಳಲ್ಲಿ ಟೈಫಾಯಿಡ್ ಲಸಿಕೆ, ಇನ್ನರ್ಧದಲ್ಲಿ ಬೇರೊಂದು ರೋಗದ ಲಸಿಕೆ. ಒಟ್ಟು 37,673 ಜನ ಚುಚ್ಚಿಸಿಕೊಂಡರು. ಎರಡು ವರ್ಷ ನೋಡಿದ ಮೇಲೆ, ಟೈಫಾಯಿಡ್ ಲಸಿಕೆ ಪಡೆದವರಲ್ಲಿ 34 ಜನಕ್ಕೆ, ಇನ್ನೊಂದು ಲಸಿಕೆ ಪಡೆದವರಲ್ಲಿ 96 ಜನಕ್ಕೆ ಆ ಜ್ವರ ಬಂದಿತ್ತು. ಇದು ನಿರೀಕ್ಷಿಸಿದ್ದೇ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಅಂಕಿ. ಟೈಫಾಯಿಡ್ ಲಸಿಕೆ ಹಾಕಿದ ಓಣಿಗಳಲ್ಲಿದ್ದು ತಾವು ಮಾತ್ರ ಯಾವ ಲಸಿಕೆಯನ್ನೂ ಹಾಕಿಸಿಕೊಳ್ಳದವರಲ್ಲಿ ಕೂಡ ಆ ಜ್ವರ ಶೇಕಡಾ 44ರಷ್ಟು ಕಡಿಮೆಯಾಗಿತ್ತು! ಪಕ್ಕದ ಮನೆಯವನು ಚುಚ್ಚಿಸಿಕೊಂಡದ್ದಕ್ಕೆ ಇವನು ಜ್ವರದಿಂದ ಪಾರು.

ಹಾಗಾದರೆ ತರುಣರ ಲೆಕ್ಕ ತಪ್ಪಲ್ಲ. ಪಕ್ಕದವರ ನೆರಳು ನಿಜವಾಗಿಯೂ ಇದೆ. ಆದರೆ ಆ ನೆರಳಿನಲ್ಲಿ ಜಾಗ ಎಷ್ಟಿದೆ? ಒಂಬತ್ತು ತಿಂಗಳು ತುಂಬದ ಕೂಸು ಅಲ್ಲಿ ನಿಲ್ಲಬೇಕು. ಕ್ಯಾನ್ಸರಿನ ಚಿಕಿತ್ಸೆಯಲ್ಲಿದ್ದು ಕೆಲವು ಲಸಿಕೆಗಳನ್ನು ಹಾಕಿಸಿಕೊಳ್ಳಲಾಗದ ಮಗು ಅಲ್ಲಿ ನಿಲ್ಲಬೇಕು. ಗಟ್ಟಿಮುಟ್ಟಾದ ಕೂಸನ್ನು ಎತ್ತಿಕೊಂಡು ನಾವೂ ಅಲ್ಲಿ ಒತ್ತರಿಸಿ ನಿಂತರೆ ಒಬ್ಬರಾದರೂ ಬಿಸಿಲಿಗೆ ಬೀಳುತ್ತಾರೆ. 2011ರ ಜನವರಿಯಲ್ಲಿ, ಗಂಗೆಯಾಚೆ ಹೌರಾ ಜಿಲ್ಲೆಯಲ್ಲಿ, ಪೋಲಿಯೊ ಹನಿ ಬೀಳದಿದ್ದ ಒಂದು ಹೆಣ್ಣುಮಗುವಿಗೆ ಕಾಲು ಸೋತಿತು. ನಮ್ಮ ದೇಶದಲ್ಲಿ ತಾನಾಗಿ ಹರಡುವ ಪೋಲಿಯೊಗೆ ಸಿಕ್ಕ ಕೊನೆಯ ಮಗು ಅದು. ದೇಶದಲ್ಲೆಲ್ಲ ಕೋಟ್ಯಂತರ ಮಕ್ಕಳು ಹನಿ ಕುಡಿದಿದ್ದರೂ ನೆರಳು ಆ ಒಂದು ಅಂಗಳವನ್ನು ಮುಟ್ಟಲಿಲ್ಲ.

ಇಲ್ಲೊಂದು ತೊಡಕಿನ ಪ್ರಶ್ನೆ ಇದೆ. ಕೊಳೆಗೇರಿಯವರು ತಮ್ಮ ತಮ್ಮ ಹಿತಕ್ಕೆ ಚುಚ್ಚಿಸಿಕೊಂಡರು; ನೆರೆಯವರನ್ನು ಕಾಪಾಡುತ್ತೇವೆಂದು ಯಾರೂ ಸಂಕಲ್ಪ ಮಾಡಲಿಲ್ಲ. ಕೊಟ್ಟವರಿಗೇ ಗೊತ್ತಿಲ್ಲದ ದಾನಕ್ಕೆ ಋಣವುಂಟೇ? ಇಲ್ಲವೆಂದು ವಾದಿಸಬಹುದು. ನಮಗೆ ಹಾಗೆನ್ನಿಸುವುದಿಲ್ಲ. ಮಾಸಿನ ಮೂಲಕ ಪ್ರತಿಕಾಯಗಳನ್ನು ಕಳಿಸಿದ ನಮ್ಮ ತಾಯಂದಿರಿಗೂ ಅದು ಗೊತ್ತಿರಲಿಲ್ಲ. ಅಷ್ಟರಿಂದ ತಾಯಿಯ ಋಣ ಇಲ್ಲವೆಂದು ಯಾವ ಮಗ ಹೇಳಿಯಾನು?

ಹಿರಿಯರ ಮಾತಿನ ಮುಳ್ಳು ಬೇರೆ. ರೋಗ ಬಂದವನಲ್ಲಿ ಏನೋ ಕೊರತೆ ಇತ್ತು, ಆದ್ದರಿಂದ ಬಂತು ಎಂಬ ಭಾವ ಅದರೊಳಗಿದೆ. ಟೈಫಾಯಿಡ್ ಬರುವುದು ಕೆಟ್ಟ ನೀರಿನಿಂದ, ಕೆಟ್ಟ ಆಹಾರದಿಂದ. ಮಾಶಿಯ ಓಣಿಯಲ್ಲಿ ನಲ್ಲಿಯ ಕೊಳವೆಯೂ ಚರಂಡಿಯೂ ಒಂದಕ್ಕೊಂದು ಅಂಟಿಕೊಂಡೇ ಹೋಗುತ್ತವೆ. ಅವಳ ಮಗನ ರಕ್ತಕಣಗಳನ್ನು ದೂರುವುದು ಸುಲಭ, ಕೊಳವೆ ಸರಿಪಡಿಸುವುದು ಕಷ್ಟ. ಅದೂ ಅಲ್ಲದೆ, ಈ ಶಕ್ತಿ ಹೆಚ್ಚಾದಷ್ಟೂ ಒಳ್ಳೆಯದೆಂಬುದೂ ನಿಜವಲ್ಲ. ನಮ್ಮ ಅತ್ತೆಯವರ ಬೆರಳ ಗಂಟುಗಳನ್ನು ಸೊಟ್ಟಗೆ ತಿರುಚಿದ ಸಂಧಿವಾತ ಹೊರಗಿನ ರೋಗಾಣುವಿನ ಕೆಲಸವಲ್ಲ. ಮೈಯ ಕಾವಲುಗಾರನೇ ಮನೆಯವರ ಮೇಲೆ ದೊಣ್ಣೆ ಎತ್ತಿದ್ದು. ಡೆಂಗಿಯಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದಾಗ ಹುಟ್ಟಿದ ಪ್ರತಿಕಾಯಗಳೇ ಇನ್ನೊಂದು ಬಗೆಗೆ ಬಾಗಿಲು ತೆರೆದು ಕೊಟ್ಟು ಎರಡನೆಯ ಜ್ವರವನ್ನು ಭೀಕರವಾಗಿಸಬಹುದು. ರಕ್ತಸ್ರಾವದ ಡೆಂಗಿ ನಮ್ಮ ದೇಶದಲ್ಲಿ ಮೊದಲು ದೊಡ್ಡದಾಗಿ ಹಬ್ಬಿದ್ದು ಈ ನಗರದಲ್ಲೇ, 1963-64ರಲ್ಲಿ. ಆಗ ಸತ್ತವರನ್ನು ಶಕ್ತಿಹೀನರೆಂದು ಹೇಳುವುದು ಅನ್ಯಾಯವಾದೀತು.

ಇದನ್ನೆಲ್ಲ ಮುಂದಿನ ಭಾನುವಾರ ಹೇಳಿದಾಗ ಹಿರಿಯರು, "ನೀವು ಲೇಖನ ಬರೆಯುವವರು, ನಿಮ್ಮೊಡನೆ ವಾದ ಬೇಡ" ಎಂದು ಕಾಫಿಯ ಕಡೆಗೆ ತಿರುಗಿದರು. ತರುಣರು ಅಂದು ಬಂದಿರಲಿಲ್ಲ. ಕೂಸಿಗೆ ಸೂಜಿ ಹಾಕಿಸಿ, ಜ್ವರ ಬಂದು ರಾತ್ರಿಯೆಲ್ಲ ನಿದ್ದೆಗೆಟ್ಟರೆಂದು ಆಮೇಲೆ ತಿಳಿಯಿತು. ಹೆಂಡತಿಯ ಒತ್ತಾಯವಂತೆ!

ಹದಿನಾರನೆಯ ದಿನ ಬೆಳಿಗ್ಗೆ ಮಾಶಿ ಬಂದಳು. ಹದಿನೈದು ದಿನದ ಸಂಬಳ ಹಿಡಿಯಬೇಕೇ ಬೇಡವೇ ಎಂದು ಮನೆಯಲ್ಲಿ ಚರ್ಚೆ ನಡೆದು, ಹಿಡಿಯಬಾರದೆಂದು ತೀರ್ಮಾನವಾಗಿತ್ತು. ಚರ್ಚೆ ನಡೆಯಿತೆಂಬುದೇ ನಮಗೆ ಈಗ ನಾಚಿಕೆ. ಈ ಸಲ ಮೊದಲು ಹುಡುಗನ ವಿಚಾರ ಕೇಳಬೇಕೆಂದು ನಾವು ಸಿದ್ಧವಾಗಿಯೇ ಇದ್ದೆವು. ಬಾಗಿಲು ತೆರೆದೊಡನೆ ಆಕೆಯೇ, ಚಪ್ಪಲಿ ಬಿಡುತ್ತ, "ಪುಟ್ಟಿ ಹುಷಾರಾಗಿದ್ದಾಳಾ?" ಎಂದು ಬಂಗಾಳಿಯಲ್ಲಿ ಕೇಳಿದಳು.