ಮಣ್ಣಿನ ಗೋಡೆಗೆ ಬಂದ ಬೆಲೆ

ಹಣ ಕೊಟ್ಟು ತಂಗುವವನನ್ನು ಅತಿಥಿ ಎನ್ನಬಹುದೇ? ಹೋಟೆಲಿನವರೇನೋ ಹಾಗೆಯೇ ಕರೆಯುತ್ತಾರೆ. ನಮ್ಮ ಹಿರಿಯರ ಮಾತಿನಲ್ಲಿ ಅತಿಥಿ ಎಂದರೆ ತಿಥಿ ನೋಡದೆ, ಹೇಳದೆ ಕೇಳದೆ ಬಂದವನು. ಮುಂಗಡ ಕಟ್ಟಿ, ದಿನ ಗೊತ್ತುಮಾಡಿಕೊಂಡು ಬಂದವನಿಗೂ ಆ ಊರಿಗೂ ನಡುವೆ ಋಣವೆಂಬುದು ಏನಾದರೂ ಉಳಿಯುತ್ತದೆಯೇ? ಬಾಡಿಗೆ ತೆತ್ತ ಮೇಲೆ ಲೆಕ್ಕ ಚುಕ್ತಾ ಎಂದು ನಾವೆಲ್ಲ ಸಲೀಸಾಗಿ ಹೇಳಿಬಿಡುತ್ತೇವೆ.

ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮದ ಒಣ ಬಯಲಿನಲ್ಲಿ ಮಾರ್ಫಾ ಎಂಬ ಪುಟ್ಟ ಊರಿದೆ. ಎಲ್ ಪಾಸೊ ನಗರದಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 1,788 ಮಂದಿ. ನಮ್ಮ ಒಂದು ದೊಡ್ಡ ಧರ್ಮಕೇಂದ್ರದಲ್ಲಿ ಅದಕ್ಕಿಂತ ಹೆಚ್ಚು ಜನರಿರುತ್ತಾರೆ. 1946ರಲ್ಲಿ ಅಲ್ಲಿನ ಸೇನಾ ಠಾಣ್ಯ ಮುಚ್ಚಿದ ಮೇಲೆ ಊರು ಸೊರಗಿತು. 1970ರ ದಶಕದಲ್ಲಿ ನ್ಯೂಯಾರ್ಕಿನಿಂದ ಬಂದು ನೆಲೆಸಿದ ಕಲಾವಿದ ಡೊನಾಲ್ಡ್ ಜಡ್ ಅವರು ಖಾಲಿ ಬಿದ್ದಿದ್ದ ಕಟ್ಟಡಗಳನ್ನು ಒಂದೊಂದಾಗಿ ಕೊಂಡರು. ಸೈನ್ಯದ ಎರಡು ಹಳೆಯ ಫಿರಂಗಿ ಕೊಟ್ಟಿಗೆಗಳಲ್ಲಿ ಅಲ್ಯೂಮಿನಿಯಮ್ಮಿನ 100 ಪೆಟ್ಟಿಗೆಗಳನ್ನು ಇರಿಸಿದರು. ಹೊರಗಿನ ಅಳತೆ ಎಲ್ಲಕ್ಕೂ ಒಂದೇ, ಒಳಗಿನ ರಚನೆ ಮಾತ್ರ ಒಂದೊಂದಕ್ಕೂ ಬೇರೆ. ಅವರು ಕಟ್ಟಿದ ಚಿನಾಟಿ ಪ್ರತಿಷ್ಠಾನ 1986ರಲ್ಲಿ ಬಾಗಿಲು ತೆರೆಯಿತು. ಜಡ್ 1994ರಲ್ಲಿ ತೀರಿಕೊಂಡರು. ನೋಡಲು ಬರುವವರು ನಿಲ್ಲಲಿಲ್ಲ.

ಬರುವವರಿಗೆ ತಂಗಲು ಜಾಗ ಬೇಕಲ್ಲ! 1930ರ ಪೈಸಾನೊ ಹೋಟೆಲು ಹೊಸ ಹೊಳಪು ಪಡೆಯಿತು. 2009ರಲ್ಲಿ ಹಳೆಯ ಟ್ರೈಲರು, ಗುಡಾರಗಳ 'ಎಲ್ ಕಾಸ್ಮಿಕೊ' ಬಂತು. 2016ರಲ್ಲಿ ಸೇಂಟ್ ಜಾರ್ಜ್ ಹೋಟೆಲು ತೆರೆಯಿತು: 55 ಕೋಣೆ, ಕೆಳಗೆ ಪುಸ್ತಕದಂಗಡಿ, ಗೋಡೆಗಳ ಮೇಲೆ ಕಲಾಕೃತಿ. ಸೊಗಸನ್ನೇ ಪಾಪವೆನ್ನುವವರ ಪೈಕಿ ನಾನಲ್ಲ. ವರ್ಷವೆಲ್ಲ ದುಡಿದ ದಂಪತಿ ಎರಡು ದಿನ ಅಚ್ಚುಕಟ್ಟಾದ ಕೋಣೆಯಲ್ಲಿ ಮಲಗೆದ್ದರೆ ಅದರಲ್ಲಿ ತಪ್ಪೇನಿದೆ?

ತೊಡಕು ಬೇರೆಡೆಯಿದೆ. ಮಾರ್ಫಾದ ಹಳೆಯ ಮನೆಗಳಲ್ಲಿ ಅನೇಕವು ಬಿಸಿಲಿಗೆ ಒಣಗಿಸಿದ ಮಣ್ಣಿನ ಇಟ್ಟಿಗೆಯವು. ನಮ್ಮಲ್ಲಿಯೂ ಮಣ್ಣಿನ ಗೋಡೆಯೆಂದರೆ ಬಡವನ ಗೋಡೆಯೇ. ನಾಲ್ಕು ಕಾಸು ಕೂಡಿದೊಡನೆ ಅದನ್ನು ಕೆಡವಿ ಸಿಮೆಂಟು ಹಾಕಿಸಿದವರು ನಾವು. ಅಲ್ಲಿಯೂ ಕೂಲಿ ಮಾಡುವ ಮೆಕ್ಸಿಕೊ ಮೂಲದ ಕುಟುಂಬಗಳು ಇಂಥ ಮನೆಗಳಲ್ಲಿ ತಲೆಮಾರುಗಳಿಂದ ಬಾಳಿದವು. ಆದರೆ ಊರನ್ನು ನೋಡಿ ಮನಸೋತ ಹೊರಗಿನವರು ಆ ಮಣ್ಣಿನ ಗೋಡೆಗಳಿಗೇ ಆಸೆಪಟ್ಟರು. ಕೊಳ್ಳುವವರು ಹೆಚ್ಚಿದಂತೆ ಬೆಲೆ ಏರಿತು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಶಾಲೆ, ರಸ್ತೆಗಳ ಖರ್ಚಿಗೆ ಸ್ಥಳೀಯರು ಬಹುಮಟ್ಟಿಗೆ ಆಸ್ತಿ ತೆರಿಗೆಯನ್ನೇ ನೆಚ್ಚಿದ್ದಾರೆ. 2017ರಲ್ಲಿ ಅಲ್ಲಿನ ಮೌಲ್ಯಮಾಪನ ಕಚೇರಿ ಮಣ್ಣಿನ ಮನೆಗಳನ್ನು ಪ್ರತ್ಯೇಕ ವರ್ಗವಾಗಿಸಿ ಹೆಚ್ಚಿನ ಬೆಲೆ ಕಟ್ಟಿತು. ಜನ ಅದನ್ನು 'ಮಣ್ಣಿಟ್ಟಿಗೆ ತೆರಿಗೆ' ಎಂದೇ ಕರೆದರು. ಮಾರುವವನಿಗೆ ಏರಿದ ಬೆಲೆ ಲಾಭ. ಅಜ್ಜ ಕಟ್ಟಿದ ಮನೆಯಲ್ಲೇ ಬಾಳಬೇಕೆನ್ನುವವರ ಕೈಗೆ ಬರುವುದು ತೆರಿಗೆಯ ಚೀಟಿ ಮಾತ್ರ.

ಎರಡು ರಾತ್ರಿ ತಂಗಿದವನು ಇದಕ್ಕೆ ಹೊಣೆಯೇ? ಅವನ ಪಾಲು ಎಳ್ಳಷ್ಟು, ನಿಜ. ಆದರೆ ಎಲ್ಲರೂ ಎಳ್ಳಷ್ಟೇ ಎಂದು ಕೈತೊಳೆದುಕೊಂಡರೆ ಆ ಹೊರೆ ಎಲ್ಲಿಂದ ಬಂತು? ಹೋಗದೆ ಮನೆಯಲ್ಲಿ ಕುಳಿತರೂ ಉತ್ತರವಾಗಲಾರದು. ಕೋಣೆ ಗುಡಿಸುವವರ ಸಂಬಳ, ಅಡುಗೆಯವರ ಸಂಬಳ ಬರುವುದು ಅದೇ ಬಾಡಿಗೆಯಿಂದ. ಹಾಗಾಗಿ ಹೋಗಬಾರದೆಂದು ನಾನು ಹೇಳಲಾರೆ.

ಸಂತ ಬೆನೆಡಿಕ್ಟರು ತಮ್ಮ ಮಠದವರಿಗೆ ಬರೆದ ನಿಯಮಾವಳಿಯ 53ನೇ ಅಧ್ಯಾಯದಲ್ಲಿ, ಬಂದವರನ್ನೆಲ್ಲ ಕ್ರಿಸ್ತರೆಂದೇ ಬರಮಾಡಿಕೊಳ್ಳಬೇಕೆಂದು ವಿಧಿಸಿದ್ದಾರೆ. ಬಡವರ, ಯಾತ್ರಿಕರ ವಿಷಯದಲ್ಲಿ ಇನ್ನೂ ಹೆಚ್ಚಿನ ಕಾಳಜಿ ಇರಲಿ, ಶ್ರೀಮಂತರಿಗಾದರೋ ಜನರ ಅಂಜಿಕೆಯೇ ಮರ್ಯಾದೆ ಕೊಡಿಸುತ್ತದೆ ಎನ್ನುವುದು ಅವರ ಅನುಭವದ ಮಾತು. ಅದು ಆತಿಥೇಯರಿಗೆ ಹೇಳಿದ್ದು. ಅತಿಥಿಗೂ ಅದನ್ನೇ ತಿರುಗಿಸಿ ಕೇಳಬಹುದೆಂದು ನನಗನ್ನಿಸುತ್ತದೆ: ಊರಿಗೆ ಬಂದ ನಾವು ಯಾರನ್ನು ಮಾತಾಡಿಸಿದೆವು? ಹೋಟೆಲಿನ ಗೋಡೆಯ ಚಿತ್ರಕಾರನ ಹೆಸರು ತಿಳಿದವರಿಗೆ ಹಾಸಿಗೆ ಹಾಸಿದವಳ ಹೆಸರು ತಿಳಿದಿರುತ್ತದೆಯೇ?

ಟೆಕ್ಸಾಸ್‌ನಲ್ಲಿ ಮಕ್ಕಳಿರುವ ನಮ್ಮವರು ಕೆಲವರು ಎಂದಾದರೂ ಆ ಕಡೆ ಹೋಗಬಹುದು. ಜಡ್ ಅವರ ಪೆಟ್ಟಿಗೆಗಳನ್ನು ನೋಡಿದ ದಿನವೇ ಬ್ಲ್ಯಾಕ್‌ವೆಲ್ ಶಾಲೆಯನ್ನೂ ನೋಡಿ ಬನ್ನಿ. ಅದೂ ಮಣ್ಣಿಟ್ಟಿಗೆಯದೇ, 1909ರಲ್ಲಿ ಕಟ್ಟಿದ್ದು. ಮೆಕ್ಸಿಕೊ ಮೂಲದ ಮಕ್ಕಳನ್ನು 1965ರವರೆಗೆ ಅಲ್ಲಿ ಬೇರೆಯಾಗಿ ಕೂರಿಸಿ ಓದಿಸಿದರು. ಸ್ಪ್ಯಾನಿಷ್ ಆಡಿದರೆ ಪೆಟ್ಟು. 1954ರಲ್ಲಂತೂ ಆ ಭಾಷೆಯನ್ನು ಬಿಡುತ್ತೇವೆಂದು ಮಕ್ಕಳಿಂದ ಚೀಟಿ ಬರೆಸಿ, ಶವಸಂಸ್ಕಾರದಂತೆ ನೆಲದಲ್ಲಿ ಹೂಳಿಸಿದರು. ಕೆಡವಬೇಕೆಂದಿದ್ದ ಆ ಕಟ್ಟಡವನ್ನು ಉಳಿಸಿಕೊಂಡವರು ಅಲ್ಲಿ ಓದಿದವರೇ. 2022ರ ಕಾನೂನು ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವಾಗಿಸಿತು. ಪೇಟೆಯ ಹೋಟೆಲುಗಳಿಂದ ಅದೇನೂ ದೂರವಿಲ್ಲ.